ಹನ್ನೊಂದಕ್ಕೆ ಬರ್ತಾರೆ

‘ಮೊದಲು ಆ ಹೊಲಿಗಿ ಮಷೀನು ಎತ್ತಿಸ್ರಿ ಅಕ್ಕಾರೆ,
ಮನಿ ಅಂದ್ರ ಮನಿಯಂಗ ಕಾಣ್ಬೇಕು’
ಅಂದ ದಲಾಲಿ ಕೊಟ್ರೇಶಿ, ಹೊಸ್ತಿಲ ಮೇಲೇ ನಿಂತು.
ಕಮಿಷನ್ನು ನೂರಕ್ಕೆರಡು. ಸಲಹೆ ಪುಕ್ಕಟೆ.

ಹತ್ತೊಂಬತ್ತು ವರ್ಷ ಕಿಟಕಿಯ ಬೆಳಕು ಕುಡಿದ ಮಷೀನು
ಈಗ ಪಕ್ಕದ ಶಾಹಿದಾಬಿಯ ಮನೆಯಲ್ಲಿ,
ಮಂಡಕ್ಕಿ ಚೀಲಗಳ ನಡುವೆ, ಹಳೇ ಸೀರೆ ಹೊದ್ದು.
ಅವಳ ಕೆಂಪು ಸೋಫಾ ನಮ್ಮ ಪಡಸಾಲೆಯಲ್ಲಿ.
ಕೊಟ್ಟು ತಂದ ಸಂಬಂಧ ಅಂತ ನಕ್ಕೆವು ಇಬ್ಬರೂ,
ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡು
ನಮ್ಮವರ ಹೆಬ್ಬೆರಳ ಉಗುರು ಕಿತ್ತು ಬರುವವರೆಗೂ.

ಹಿತ್ತಿಲ ಕಿಟಕಿ ತೆಗೀಬಾರದು: ಭಟ್ಟಿಯ ಹೊಗೆ.
ಅವರು ಅಡುಗೆಮನೆಗೆ ಕಾಲಿಟ್ಟ ಕೂಡಲೆ ನಳ ಜೋರಾಗಿ ಬಿಡಬೇಕು;
ನೀರು ಎಂಟು ದಿನಕ್ಕೊಮ್ಮೆ ಅನ್ನೋದು ಕೇಳಿದರಷ್ಟೇ.
ಅದಕ್ಕೇ ಶುಕ್ರವಾರದಿಂದ ನಮ್ಮದು ಅರ್ಧ ಬಕೀಟಿನ ಸ್ನಾನ,
ಟ್ಯಾಂಕು ಮಾತ್ರ ತುಂಬು ಬಸುರಿ.
ಹತ್ತೂವರೆಗೆ ಬೆಣ್ಣೆ ಕಾಸಲು ಇಡಬೇಕು,
ಒಂದು ವೀಳ್ಯದೆಲೆ ಹಾಕಿ.
‘ತುಪ್ಪದ ವಾಸನಿ ಮೂಗಿಗೆ ಹೋತು ಅಂದ್ರ
ಗ್ವಾಡಿ ಬಿರುಕು ಕಣ್ಣಿಗೆ ಕಾಣಂಗಿಲ್ರಿ.’

ಗೋಡೆ. ಅದೊಂದು ಮಾತು ಹೇಳಬೇಕು.
ಮಷೀನಿನ ಎಡಕ್ಕೆ, ಕೈಗೆಟಕುವಷ್ಟು ಎತ್ತರದಲ್ಲಿ
ಪುಸ್ತಕ ಹುಡುಕುವ ಪುರುಸೊತ್ತಿಲ್ಲದೆ
ಪೆನ್ಸಿಲಿನಲ್ಲಿ ಬರೆದಿಟ್ಟ ಅಳತೆಗಳು:
ಗೌರಮ್ಮ ಟೀಚರು, ಎದೆ ಮೂವತ್ತೆಂಟು, ತೋಳು ಒಂಬತ್ತು.
ಕಾಟನ್ ಮಿಲ್ಲಿನ ಹಾಲವ್ವ, ಕೊರಳು ಚೌಕ, ಹಿಂದೆ ಗುಂಡಿ ಬೇಡ.
ಮುಮ್ತಾಜ್, ಮದುವೆಯದು, ಸೊಂಟ ಇಪ್ಪತ್ತಾರು,
ಅದರ ಕೆಳಗೇ ಅವಳದೇ ಮೂವತ್ತು, ಮೂವತ್ತಾರು.
ನಾಲ್ವರು ಈಗಿಲ್ಲ. ಅವರ ಅಳತೆ ಬದಲಾಗುವುದಿಲ್ಲ.
ಬಾದಾಮಿ ಬಣ್ಣ, ಎರಡು ಕೋಟು; ಬಳಿಯುವವನು
ತೋಳಿನಿಂದ ಶುರುಮಾಡಿ ಸೊಂಟಕ್ಕೆ ಬಂದ.
ರಟ್ಟಿನ ಮೇಲೆ ಇಳಿಸಿಕೊಳ್ಳುತ್ತ ಇಳಿಸಿಕೊಳ್ಳುತ್ತ
ನಾನು ಹಿಂದೆ ಬಿದ್ದೆ.

ದುಃಖವೇನಿಲ್ಲ. ಮಾರುತ್ತಿರುವುದು ನಾನೇ.
ಚೌಕಿಪೇಟೆಯ ಗಲ್ಲಿಯಲ್ಲಿ ಎಂಟಡಿ ಅಗಲದ ಅಂಗಡಿ,
ಮೇಲೊಂದು ಕೋಣೆ, ನನ್ನ ಹೆಸರಿನ ಬೋರ್ಡು.
ಹಳೇ ರವಿಕೆ ಬಿಚ್ಚಿ, ತಿರುವಿ, ಇಸ್ತ್ರಿ ಹೊಡೆದು
ಹೊಸದೆಂದು ತೋರಿಸುವ ಕೆಲಸ ಇದು,
ನನಗೆ ಬಾರದ್ದೇನಲ್ಲ.

ಬಂದರು, ಹನ್ನೊಂದು ಹತ್ತಕ್ಕೆ.
ಗಂಡ, ಹೆಂಡತಿ, ವಾಸ್ತು ಬಲ್ಲ ಮಾವ.
ಮಾವ ದಿಕ್ಸೂಚಿ ಹಿಡಿದು ಬಚ್ಚಲಲ್ಲಿ ಗಿರಗಿರ ತಿರುಗಿದ.
ಗಂಡ ಸೋಫಾದಲ್ಲಿ ಒರಗಿ ‘ಸಾಮಾನು ಸೇರಿ ಎಷ್ಟು?’ ಅಂದ.
ಶಾಹಿದಾಬಿಯ ಇಮ್ತಿಯಾಜ್ ಎಲ್ಲಿದ್ದನೋ, ಓಡಿ ಬಂದವನೇ
ಅವನ ಪಕ್ಕ ಕಾಲು ಚಾಚಿ ಕೂತ: ‘ಇದು ನಮ್ದು.’
ಕೊಟ್ರೇಶಿ ಕೆಮ್ಮಿದ.
ನಾನು ನಳ ಜೋರಾಗಿ ಬಿಟ್ಟೆ.

ಹೆಂಡತಿ ಮಾತ್ರ ಕಿಟಕಿ ಹತ್ತಿರ ನಿಂತಿದ್ದಳು.
ಓರೆ ಬಿಸಿಲಿಗೆ, ಬಣ್ಣದ ಅಡಿಯಿಂದ,
ಗೌರಮ್ಮ ಟೀಚರು ಮೆಲ್ಲಗೆ ಎದ್ದು ಬರುತ್ತಿದ್ದರು.
‘ಇದೇನು?’
‘ಇಂಜಿನಿಯರ್ ಹಾಕಿದ ಅಳತಿ ಮೇಡಂ, ಗ್ವಾಡಿದು.’
‘ಎದೆ ಅಂತ ಐತಲ್ಲ?’
ಯಾರೂ ನಗಲಿಲ್ಲ. ತುಪ್ಪ ಸೀದುಹೋಗಿತ್ತು.

‘ತಿಳಿಸ್ತೀವಿ’ ಅಂದು ಹೋದರು.
ಸೋಫಾದ ಒಂದು ತುದಿ ಎತ್ತಿದ್ದೆವು, ಗೇಟು ಮತ್ತೆ ಕಿರುಗುಟ್ಟಿತು.
ಅವಳೊಬ್ಬಳೇ, ಮೊಬೈಲು ಮರೆತ ನೆಪದಲ್ಲಿ.
ತೋಳೆತ್ತಿ ತೋರಿಸಿದಳು:
ಕಂಕುಳಲ್ಲಿ ಬಿಗಿ, ಬೆನ್ನಲ್ಲಿ ಸಡಿಲ, ಯಾವನೋ ಹೊಲಿದ ಪಾಪ.
‘ಇದನ್ನ ಸರಿ ಮಾಡಿಕೊಡ್ತೀರಾ?’

ಟೇಪು ಕೊರಳಲ್ಲೇ ಇತ್ತು, ಸೆರಗಿನೊಳಗೆ;
ಅದನ್ನು ಎತ್ತಿಡಿ ಅಂತ ಕೊಟ್ರೇಶಿ ಹೇಳಿರಲಿಲ್ಲ.
ಕಾಗದ ಸಿಗಲಿಲ್ಲ.
ಬಾದಾಮಿ ಬಣ್ಣದ ಮೇಲೆ ಪೆನ್ಸಿಲು ಚೆನ್ನಾಗಿ ಓಡಿತು:
ತೋಳು ಹತ್ತೂವರೆ, ಕಂಕುಳು ಹದಿನೈದು.
ಹೆಸರು ಕೇಳಲು ಮರೆತೆ.
‘ಭಾನುವಾರದವರು’ ಅಂತ ಬರೆದುಕೊಂಡೆ.