ಮೂರೆಣಿಸುವಷ್ಟು

ಒಂಬತ್ತಕ್ಕೇ ಬಿಸಿಲು ಬಂದು
ಓಪಿಡಿ ಸಾಲಿನಲ್ಲಿ ಚೀಟಿ ಹಿಡಿದು ನಿಂತಿರುತ್ತದೆ.
ಕಲಬುರಗಿಯ ದೊಡ್ಡಾಸ್ಪತ್ರೆ, ಕಣ್ಣಿನ ವಿಭಾಗ, ಕೋಣೆ ಹದಿನಾಲ್ಕು.
ಪೈಪು ಸೋರಿ ಉಬ್ಬಿದ ಬಾಗಿಲು,
ಎತ್ತಿ ತಳ್ಳಿದರಷ್ಟೇ ಒಳಗೆ.
ನನ್ನ ಪೋಸ್ಟಿಂಗಿನ ಎರಡನೆಯ ವಾರ.
ಬಿಳಿ ಕೋಟಿಗೆ ಇನ್ನೂ ಗಂಜಿಯ ವಾಸನೆ,
ಜೇಬಿನಲ್ಲಿ ಆಕ್ಲೂಡರು, ಪೆನ್ ಟಾರ್ಚು,
ಟೊಪ್ಪಿಗೆಗೆ ಗಿಳಿಯ ಸ್ಟಿಕರ್ ಅಂಟಿಸಿದ ಪೆನ್ನು.
ಲಾಗ್‌ಬುಕ್ಕಿಗೆ ಬೇಕು
ಐವತ್ತು ಕವರ್ ಟೆಸ್ಟು, ಐವತ್ತು ಸಹಿ.
ಹನ್ನೊಂದಾಗಿವೆ.

ಜಗದೇವಿ ಮೇಡಂ ಮಾತು ಕಮ್ಮಿ.
ಟೇಬಲ್ಲಿನ ಮೇಲೆ ಅವರ ಪ್ರಿಸಂ ಬಾರು,
ಪಕ್ಕದಲ್ಲಿ ಅಳುವ ಮಕ್ಕಳಿಗೆಂದು ಪುಠಾಣಿ ಡಬ್ಬಿ.
ಮೊದಲ ದಿನ ಹೇಳಿದ್ದು ಇಷ್ಟೇ:
"ಮುಚ್ಚಿದ ಕಣ್ಣು ನೋಡಬ್ಯಾಡ.
ತೆರೆದಿದ್ದು ಏನ್ ಮಾಡ್ತದ, ಅದು ನೋಡು."
ಬರೆದುಕೊಂಡೆ, ಅಡಿಗೆರೆ ಎಳೆದೆ,
ಮರೆತೆ.

ಹನ್ನೆರಡನೆಯವಳು ಮುಬೀನಾ, ಆರು ವರ್ಷ.
ಶಹಾಬಾದದಿಂದ ಪ್ಯಾಸೆಂಜರ್ ಹಿಡಿದು ಬಂದವಳು.
ಅಪ್ಪನ ರೆಪ್ಪೆಯ ಮೇಲೆ ಪರಸಿಕಲ್ಲಿನ ಪುಡಿ,
ಕೈಯಲ್ಲಿ ಸಾಲಿ ಟೀಚರು ಬರೆದುಕೊಟ್ಟ ಚೀಟಿ.
"ನೋಡ್ಲಾಕ ಎರಡೂ ಸೀದಾನೇ ಅವರಿ," ಅಂದ.
ನನಗೂ ಹಾಗೇ ಕಂಡಿತು.
ಗಿಳಿ ನೋಡು ಅಂದೆ.
ಮುಚ್ಚಿದೆ ತೆಗೆದೆ ಮುಚ್ಚಿದೆ ತೆಗೆದೆ,
ಹೊರಗೆ ಇನ್ನೂ ನಲವತ್ತು ಜನ.
ಏನೂ ಅಲುಗಲಿಲ್ಲ.
"ಸೀದಾ" ಎಂದು ಬರೆದು
ಸಹಿಗೆ ಪುಸ್ತಕ ಚಾಚಿದೆ.

ಮೇಡಂ ಪೆನ್ನು ಮುಟ್ಟಲಿಲ್ಲ.
ಎದ್ದು ಬಂದರು, ನನ್ನ ಹಿಂದೆ ನಿಂತು
ಮುಂಗೈ ಹಿಡಿದು ಬಲಗಣ್ಣಿಗೆ ಮುಚ್ಚಿಸಿದರು.
ಒಂದು.
ಎರಡು. ಫ್ಯಾನಿನ ಕಟಕಟ.
ಮೂರು,
ಎಡಗಣ್ಣು,
ತನ್ನನ್ನೇ ಕರೆದರೋ ಇಲ್ಲವೋ ಎಂದು
ಬಾಗಿಲಲ್ಲಿ ಅನುಮಾನಿಸಿ ನಿಂತವನ ಹಾಗೆ,
ಕೂದಲೆಳೆಯಷ್ಟು ಹೊರಗೆ ಸರಿದು
ಗಿಳಿಯನ್ನು ಹಿಡಿಯಿತು.
"ಅವಸರಗೇಡಿ," ಅಂದರು ಕಿವಿಯ ಹತ್ತಿರ,
"ತನ್ನ ಪಾಳಿ ಬಂತಂತ ಅದಕ್ಕ ತಿಳೀಲಾಕ
ವ್ಯಾಳೆ ಬ್ಯಾಡೇನು?"

ಆಮೇಲೆ ದೊಡ್ಡ ಯಂತ್ರಕ್ಕೆ ಗದ್ದ ಇಡಿಸಿದೆವು.
ಒಂದು ಕೊಳವೆಯಲ್ಲಿ ಸಿಂಹ, ಇನ್ನೊಂದರಲ್ಲಿ ಬೋನು.
ಹಿಡಿಕೆ ದೂಡಿ ಸಿಂಹವನ್ನು ಒಳಗೆ ಹಾಕು, ಅಂದೆ.
ದೂಡಿದಳು, ದೂಡಿದಳು,
"ಶೇರ್ ಗಾಯಬ್, ಬಾಜಿ!"
ಮೇಜಿನ ಕೆಳಗೆ ಬಗ್ಗಿ ಹುಡುಕಿದಳು.

ಎರಡು ಚಿತ್ರ ಜಗಳಾಡಬಾರದೆಂದು
ಮಿದುಳು ಒಂದರ ಬಾಯಿ ಮುಚ್ಚಿಸುತ್ತದೆ.
ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದೆ ಇದನ್ನು.
ಚಿಂಚೋಳಿಯ ನಮ್ಮ ಮನೆಯಲ್ಲಿ
ಸಣ್ಣ ಅತ್ತೆ ಮಾತು ಬಿಟ್ಟದ್ದೂ ಹೀಗೇ ಇರಬೇಕು,
ಯಾರೂ ಬೈದದ್ದು ನೆನಪಿಲ್ಲ.

ಪ್ಯಾಚು ಹಾಕಬೇಕು, ದಿನಾ ನಾಲ್ಕು ತಾಸು, ಬಲಗಣ್ಣಿಗೆ.
"ಚಲೋ ಕಣ್ಣ ಯಾಕ ಮುಚ್ಚತೀರಿ?" ಅಪ್ಪ ಕೇಳಿದ.
ಬಾಯಲ್ಲಿ ಬರೀ ಇಂಗ್ಲಿಷ್ ಶಬ್ದ ತಿರುಗಿ
ನಾಲಿಗೆ ತೊಡರಿತು.
ಅವನೇ ಸ್ವಲ್ಪ ಹೊತ್ತು ತನ್ನ ಬಲಗೈ ನೋಡಿಕೊಂಡ,
ಹೆಬ್ಬೆರಳ ತುದಿ ಇರಲಿಲ್ಲ.
"ಇದು ಹೋದಾಗ ಎಡಗೈಲೆ ಉಳಿ ಹಿಡದೆ.
ಎರಡ ತಿಂಗಳು ಕಲ್ಲೆಲ್ಲಾ ಹಾಳು.
ಆಮ್ಯಾಲ ಬಂತು."
ತಾನೇ ಮಗಳಿಗೆ ತಿಳಿಸಿ ಹೇಳಿದ, ಅವರ ಮಾತಿನಲ್ಲಿ.
ನಾನು ಪ್ಯಾಚು ಹಿಡಿದು ನಿಂತಿದ್ದೆ.

ಮುಬೀನಾ ಒಪ್ಪಲಿಲ್ಲ.
ಪುಠಾಣಿಗೂ ಒಲಿಯಲಿಲ್ಲ.
ಪೆನ್ನಿನ ಕಡೆ ಬೆರಳು ತೋರಿ,
ಗಿಳಿ ಕೊಟ್ಟರೆ ಮುಚ್ಚಿಕೊಳ್ಳುತ್ತೇನೆ, ಅಂದಳು.
ಉಗುರಿನಿಂದ ಕಿತ್ತು, ಒಂದು ರೆಕ್ಕೆ ಹರಿದು,
ಪ್ಯಾಚಿನ ಮೇಲೆ ಅಂಟಿಸಿದೆ.
ಒಂದು ಹಸಿರು ಗಿಳಿ, ಒಂದು ಮೈಗಳ್ಳ ಕಣ್ಣು
ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು
ಅಪ್ಪನ ಬೆರಳು ಹಿಡಿದು ಹೋದವು.

ಮೇಡಂ "ಸೀದಾ" ಹೊಡೆದು ಹಾಕಿ
ಕೆಳಗೆ ಸಹಿ ಮಾಡಿದರು, ಏನೂ ಹೇಳದೆ.

ಹದಿಮೂರನೆಯವನು ಬಂದ, ಜೇವರ್ಗಿಯ ಮಾಳಿಂಗ.
ಪೆನ್ನು ಎತ್ತಿ ಹಿಡಿದೆ, ಇಲ್ಲಿ ನೋಡಪ್ಪ.
ಟೊಪ್ಪಿಗೆಯ ಮೇಲೆ ಒಣಗಿದ ಅಂಟು.
"ಏನದ ಅಲ್ಲಿ?" ಅಂದ.