ಹಲ್ಲು ಬೇಡದ ಅಕ್ಷರ

ಕಾಸರಗೋಡು ಹಳೇ ಬಸ್‌ಸ್ಟ್ಯಾಂಡಿನೆದುರು, ಮಹಡಿ ಮೇಲೆ,
ಮೂವತ್ತೊಂದು ವರ್ಷದಿಂದ ಹಲ್ಲಿನ ಸೆಟ್ಟು ಕಟ್ಟುತ್ತೇನೆ.
ಸರಿ ಕೂತಿತೋ ನೋಡಲಿಕ್ಕೆ ಹೇಳಿಸುತ್ತೇನೆ:
ಸಾಸಿವೆ, ಸೇಸಪ್ಪ, ಎಪ್ಪತ್ತೇಳು.
ಸ ಸೀಟಿ ಹೊಡೆದರೆ ಮೇಣ ಕೆರೆಯಬೇಕು.
ವ್ಯಂಜನವೆಂದರೆ ನನಗಿಷ್ಟೇ,
ಎಲ್ಲಿ ತಾಗುತ್ತದೆ, ಎಲ್ಲಿ ಗಾಳಿ ಸೋರುತ್ತದೆ.

ಕೆಳಗಿನ ಚಪ್ಪಲಿ ಅಂಗಡಿಯವರ ಮಗಳು ರಂಸೀನ,
ಮಖಚ್‌ಕಲಾದಲ್ಲಿ ಡಾಕ್ಟರಿಕೆ ಓದುವವಳು,
ರಜೆಯಲ್ಲಿ ಬಂದು ಫೋನು ನನ್ನ ಕಿವಿಗೊತ್ತಿದಳು.
"ಐತಪ್ಪಣ್ಣ, ಕೇಳಿ. ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುವ
ಪೆರಿಹಾನ್ ಅಜ್ಜಿ. ರುತುಲ್ ಭಾಷೆ.
ಬಾಯಲ್ಲಿ ಒಂದು ಹಲ್ಲೂ ಇಲ್ಲ."

ಒಂದು ಹಲ್ಲೂ ಇಲ್ಲದೆ
ಕಲ್ಲುಸಕ್ಕರೆ ಕಡಿದ ಹಾಗೆ ಒಂದು ಕ!
ಅದರ ಬೆನ್ನಿಗೇ ಕಿರುನಾಲಿಗೆಯ ಬುಡದಲ್ಲಿ ಇನ್ನೊಂದು,
ಮತ್ತೊಂದು ತುಟಿ ಗುಂಡಗೆ ಮಾಡಿ.
ನಮ್ಮ ಖ ಉಸಿರು ಚೆಲ್ಲುವ ದುಂದುಗಾರ.
ಅವಳದು ಗಂಟಲ ಬಾಗಿಲು ಹಾಕಿ
ಬಾಯೊಳಗುಳಿದಷ್ಟೇ ಗಾಳಿಯಲ್ಲಿ
ಟಕ್ಕೆಂದು ಸಿಡಿಸುವ ಜುಗ್ಗತನ.
ಆಮೇಲೆ, ಇನ್ನೂ ಕೆಳಗೆ,
ಯಾರೋ ಕುರ್ಚಿ ಎಳೆದ ಸದ್ದು.

ಬರೆದುಕೊಳ್ಳಲು ಹೋದೆ. ಕ, ಕ್ಕ, ಕ್ವ, ಖ್ಹ...
ಚೀಟಿ ತುಂಬಿತು, ಒಂದೂ ಅವಳದ್ದಲ್ಲ.
ರಂಸೀನ ನಕ್ಕಳು: "ಒಂದೆರಡು ನಮಗೆ ಮದ್ರಸದಲ್ಲೇ ಆಗಿದೆ.
ಉಸ್ತಾದರ ಬೆತ್ತ ಕಂಡರೆ ಗಂಟಲಿಂದ ತಾನೇ ಬರುತ್ತಿತ್ತು."

ವಸಡು ಬೋಳಾದರೂ ಆ ಅಜ್ಜಿ
ಅಕ್ಷರಗಳನ್ನು ಹಿಂದೆ, ಕತ್ತಲಲ್ಲಿ ಇಟ್ಟಿದ್ದಾಳೆ,
ಅಕ್ಕಿಡಬ್ಬದಡಿಯ ದುಡ್ಡಿನಂತೆ.

ಹಾಗಾದರೆ ನಮ್ಮ ೞ ಹೋದದ್ದು
ಯಾವ ಹಲ್ಲು ಬಿದ್ದು?
ಅದಕ್ಕೆ ಹಲ್ಲೇ ಬೇಡ.
ನಾಲಿಗೆ ಹಿಂದಕ್ಕೆ ಮಡಚಿ, ಎಲ್ಲೂ ತಾಗಿಸದೆ
ಹಾಗೇ ತೂಗಿಬಿಟ್ಟರೆ ಸಾಕು.
ಒಂಬತ್ತನೇ ಕ್ಲಾಸಿನಲ್ಲಿ ಪಂಡಿತರು ಬೋರ್ಡಿನಲ್ಲಿ ಬರೆದು
"ಇದು ಈಗ ಇಲ್ಲ" ಅಂದು ಒರೆಸಿದ್ದರು.
ತಟ್ಟಿಯಾಚೆ ಮಲಯಾಳಂ ಕ್ಲಾಸಿನ ಮಕ್ಕಳು
ಗಟ್ಟಿಯಾಗಿ ಓದುತ್ತಿದ್ದರು: ಮೞ, ಪುೞ, ವಾೞ.

ನನ್ನ ಮನೆಯಲ್ಲಿ ಕೋರಿ, ಶಾಲೆಯಲ್ಲಿ ಕೋಳಿ,
ರಂಸೀನಳ ಮನೆಯಲ್ಲಿ ಕೋೞಿ.
ಸಂಜೆಗೆ ಮೂರನ್ನೂ ಗೂಡಿಗೆ ಹಾಕಲೇಬೇಕು.

ಇವತ್ತು ಕುಂಞಂಬು ಮಣಿಯಾಣಿ ಬಂದಿದ್ದರು,
ಕೆಳಗಿನ ಸೆಟ್ಟು ಸಡಿಲವೆಂದು.
ಸಾಸಿವೆ ಆಯಿತು, ಸೇಸಪ್ಪ ಆಯಿತು.
ಇನ್ನೊಂದು ಹೇಳಿ, ಅಂದೆ: ಕೋೞಿ.
ಹೇಳಿದರು.
ಸೆಟ್ಟು ತೆಗೆದು ನೀರಿಗೆ ಹಾಕಿ, ಈಗ ಹೇಳಿ, ಅಂದೆ.
ಹೇಳಿದರು. ಅದೇ. ಕೂದಲೆಳೆಯಷ್ಟೂ ಬದಲಿಲ್ಲ.
ನಾನು ಸುಮ್ಮನೆ ಕೂತೆ.

ಬೊಚ್ಚು ಬಾಯಲ್ಲೇ ಕೇಳಿದರು:
"ಇದಕ್ಕೂ ದುಡ್ಡು ಉಂಟಾ?"