ಗುಂಯ್

ಹತ್ತು ತಿರುಪು ಸಲೀಸಾಗಿ ಬಂದವು. ಹನ್ನೊಂದನೆಯದರ ತಲೆ ಸವೆದಿತ್ತು;
ಸೈಕಲ್ ಟ್ಯೂಬಿನ ಚೂರು ಒತ್ತಿಟ್ಟು ತಿರುವಿದ ಮೇಲೆ ಮಣಿಯಿತು.
ಬಿಳಿ ತಟ್ಟೆ ಎತ್ತಿದರೆ ಒಳಗೆ
ಹಕ್ಕಿ ಬಿಟ್ಟುಹೋದ ಗೂಡು:
ಬಣ್ಣಗೆಟ್ಟ ತಂತಿ, ಒಂದು ಬಿಯರ್ ಮುಚ್ಚಳ,
ಒಣಗಿದ ಜಿರಳೆ,
ಬುಡದಲ್ಲಿ ಯಾರೋ ಅವಸರಕ್ಕೆ ಹಾಕಿದ ಬೂದು ಬೆಸುಗೆ
ಯಾವ ಕಾಲದಲ್ಲೋ ಕಳಚಿ ನೇತಾಡುತ್ತಿತ್ತು.

"ಇಷ್ಟು ವರ್ಷ ಹೇಗೆ ನುಡಿಸಿದಿರಿ, ಬಾಶಿ ಮ್ವಾಪೆ?"
"ನುಡಿಸಿದೆ."
ಬೆಂಚಿನ ತುದಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು.

ಕಿಟ್ವೆಯ ಚಿಸೊಕೊನೆ ಮಾರ್ಕೆಟ್ಟಿನಲ್ಲಿ
ಮೂರು ಹೆಜ್ಜೆ ಅಗಲದ ಅಂಗಡಿ ನನ್ನದು.
ಬಲಕ್ಕೆ ಒಣಮೀನು, ಎಡಕ್ಕೆ ಹಳೇ ಶೂ.
ಇವರನ್ನು ಕಳಿಸಿದ್ದು ಪಾಸ್ಟರು.
ಚರ್ಚಿಗೆ ಹೊಸ ಸ್ಪೀಕರ್ ಬಂದಿದೆ. ಎಲ್ಲರೂ ಕಣ್ಣು ಮುಚ್ಚಿದಾಗ,
ದೇವರು ಇನ್ನೇನು ಮಾತಾಡಬೇಕು ಎನ್ನುವಾಗ
ಮೂಲೆಯಿಂದ ಇವರ ಗಿಟಾರು: ಗುಂಯ್.

ಗಾಳಿಯ ತುಂಬ ಕರೆಂಟಿನ ಪಿಸುಮಾತಿದೆ.
ಟ್ಯೂಬ್‌ಲೈಟಿನದು, ಫ್ರಿಜ್ಜಿನದು, ಬೀದಿಕಂಬದ್ದು.
ಪಿಕಪ್ಪಿನ ಸುರುಳಿ ಅಷ್ಟನ್ನೂ ಕೇಳಿಸಿಕೊಳ್ಳುತ್ತದೆ,
ಬೇಲಿಗೆ ಕಿವಿಯಿಟ್ಟ ನೆರೆಮನೆಯವಳ ಹಾಗೆ,
ಕೇಳಿದ್ದನ್ನು ಊರಿಗೆಲ್ಲ ಹೇಳುತ್ತದೆ.

ತಾಮ್ರದ ಹಾಳೆ ಕತ್ತರಿಸಿದೆ. ಬೆನ್ನಿಗೆ ಅಂಟು, ಅಂಟಿನ ಕಾಗದದಲ್ಲಿ ಚೀನೀ ಅಕ್ಷರ.
"ಎಲ್ಲಿಯದು?"
"ಇಲ್ಲಿಯದೇ ಇದ್ದೀತು," ಅಂದೆ.
ನಮ್ಮ ಕಾಲಡಿಯಿಂದ ಎದ್ದು ಲಾರಿ ಹತ್ತಿ, ಹಡಗು ಹತ್ತಿ,
ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಮರಳಿದೆ,
ಗೇಣಿಗಿಷ್ಟು ಅಂತ ದುಡ್ಡು ಕೇಳುತ್ತಾ.
ಹೆಬ್ಬೆರಳಿಂದ ಸವರಿ ನೋಡಿದರು. ಇಪ್ಪತ್ತೆರಡು ವರ್ಷ
ಗಣಿಯ ತಳದಲ್ಲಿ ಪಂಪು ಕಾದವರು.
"ಕಲ್ಲೊಳಗೆ ಹಸಿರಾಗಿತ್ತು," ಅಂದರು. ಅಷ್ಟೇ.

ಗೋಡೆ, ತಳ, ಮೂಲೆ ಎಲ್ಲಕ್ಕೂ ತಾಮ್ರ ಹೊದಿಸಿದೆ.
ದಿಕ್ಕಿಗೊಂದು ಓಡುತ್ತಿದ್ದ ನೆಲದ ತಂತಿಗಳನ್ನು
ಒಂದೇ ಚುಕ್ಕೆಗೆ ತಂದು ಕಟ್ಟುವಷ್ಟರಲ್ಲಿ
ಲೋಡ್ ಶೆಡ್ಡಿಂಗ್.
ಬೆಸುಗೆಕಡ್ಡಿಯ ತುದಿ ಕಪ್ಪಾಯಿತು.
ನಾಲ್ಕು ತಾಸು ಇಬ್ಬರೂ ಕಡಲೆಕಾಯಿ ತಿಂದೆವು.

ಆರಕ್ಕೆ ಎದುರಂಗಡಿ ಫ್ರಿಜ್ಜು ನಡುಗಿ ಎದ್ದಿತು.
ರಾಳದ ಹೊಗೆ, ಕೊನೆಯ ಹನಿ:
ನೇತಾಡುತ್ತಿದ್ದ ಆ ತಂತಿ, ಗಿಟಾರಿನ ತಂತಿಗಳನ್ನು
ನೆಲಕ್ಕೆ ಸೇರಿಸುವುದು.
ಪ್ಲಗ್ ಚುಚ್ಚಿ ಕೈಗೆ ಕೊಟ್ಟೆ.

ಏನೂ ಇಲ್ಲ.
"ಸತ್ತಿದೆ," ಅಂದರು.
"ಮೀಟಿ ನೋಡಿ."
ತೊಳೆದಿಟ್ಟ ಪಾತ್ರೆಯಂಥ ಸ್ವರ ಬಂತು. ನನಗೆ ಹೆಮ್ಮೆ.
ಅವರು ಬಿರಡೆ ತಿರುವಿದರು, ಕೈ ಎತ್ತಿ ಕಾದರು, ಮತ್ತೆ ತಿರುವಿದರು,
ಮಗು ಕಾಣದಾದವರ ಹಾಗೆ ಅತ್ತಿತ್ತ ನೋಡಿದರು.
"ಎಲ್ಲಿ ಹೋಯಿತು ಅದು?"

ಆಗ ಹೊಳೆಯಿತು ನನಗೆ.
ನಲವತ್ತು ವರ್ಷ ಈ ಮನುಷ್ಯ
ದಪ್ಪ ತಂತಿಯ ಮೂರನೇ ಮೆಟ್ಟನ್ನು ಆ ಗುಂಯ್‌ಗೆ ಕೂಡಿಸಿ
ಉಳಿದ ಐದನ್ನು ಅದರ ಹಿಂದೆ ನಿಲ್ಲಿಸಿದ್ದಾರೆ.
ಊರಿನ ಕರೆಂಟೇ ಇವರ ಶ್ರುತಿಪೆಟ್ಟಿಗೆ!
ಟ್ಯೂನರಿನ ಮುಳ್ಳು ಕೂದಲೆಳೆ ಏರು, ತಪ್ಪು ಅನ್ನುತ್ತದೆ.
ಇಡೀ ತಂಡ ಆ ತಪ್ಪಿಗೆ ಏರಿ ಕೂತಿತ್ತಂತೆ;
ಅಕಾರ್ಡಿಯನ್ನಿನವನು ಮಾತ್ರ ಬೈದು ಬಿಟ್ಟುಹೋದನಂತೆ,
ಅದಕ್ಕೆ ಬಿರಡೆ ಎಲ್ಲಿಂದ ಬರಬೇಕು.

ಮತ್ತೆ ಹನ್ನೊಂದು ತಿರುಪು. ಮತ್ತೆ ಟ್ಯೂಬಿನ ಚೂರು.
ಕೆಟ್ಟ ಟಾರ್ಚಿನಿಂದ ಸ್ವಿಚ್ ಕಿತ್ತು
ಆ ಕೊನೆಯ ತಂತಿಯ ನಡುವೆ ಕೂರಿಸಿದೆ.
ಕೆಳಗೆ ಒತ್ತಿದರೆ ಪಾಸ್ಟರ ಮೌನ.
ಮೇಲಕ್ಕೆ ತಳ್ಳಿದರೆ ನೆಲದ ನಂಟು ಕಡಿದು
ಗಾಳಿಯಲ್ಲಿರುವುದನ್ನೆಲ್ಲ ಹಿಡಿಯುವುದು ನುಡಿಸುವವರ ಮೈಯೇ.

ತಳ್ಳಿದರು. ಗುಂಯ್.
ಭುಜ ಇಳಿಯಿತು. ಬಿರಡೆ ಒಂದೆರಡು ಸುತ್ತು, ಸಾಕಾಯಿತು.
ಪಾಸ್ಟರಿಗೆ ಹೇಳಬೇಡಿ ಅಂದೆ. ಸ್ವಿಚ್ಚಿಗೆ ದುಡ್ಡು ಹಿಡಿಯಲಿಲ್ಲ.

ಕೊಡುವ ಮುಂಚೆ ನಾನೂ ತೊಡೆಯ ಮೇಲಿಟ್ಟು ನೋಡಿದೆ.
ಗುಂಯ್ ಅಂತು, ಅದೇ ಸ್ವರ.
ನನ್ನದು ಸ್ವಲ್ಪ ಸಣ್ಣ ದನಿ.